ಮಾದರಿ ರೈಲಿನ ಹಳಿಗೆ ಬಣ್ಣ: ಸ್ಪ್ರೇನಾ, ಬ್ರಷ್ಷಾ? ಮಾಡಿದವ್ರು ಹೇಳಿ

ಬಳ್ಳಾರಿ, ಕೌಲ್ ಬಜಾರ್: ಎಚ್‌ಓ ಸ್ಕೇಲಿನ (ಅಸಲಿಗಿಂತ 87 ಪಟ್ಟು ಸಣ್ಣ) ಹಳಿ ಹಾಕಿ ಆಯ್ತು, ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗೋ ಪಾಯಿಂಟ್ ಮೂರು ಇವೆ. ಜಲ್ಲಿ ಇನ್ನೂ ಸುರಿದಿಲ್ಲ. ಹಳಿ ಬೆಳ್ಳಗೆ ಹೊಳೀತೈತೆ, ಹಳಿ ಕೆಳಗಿನ ಅಡ್ಡಪಟ್ಟಿ, ಅಂದ್ರೆ ಸ್ಲೀಪರ್, ಪ್ಲಾಸ್ಟಿಕ್ ಅಂತ ದೂರದಿಂದಾನೇ ಗೊತ್ತಾಗ್ತೈತೆ. ಎರಡು ಸಾವಿರದೊಳಗೆ ಮುಗೀಬೇಕು. ಮನೆ ಸಣ್ಣದು, ವಾಸನೆ ಬರಬಾರದು.

ರಾಯಚೂರು: ಎರಡು ಸಾವಿರ ಮರೀರಿ. ಗಾಳಿಯಿಂದ ಬಣ್ಣ ಸ್ಪ್ರೇ ಮಾಡೋ ಏರ್‌ಬ್ರಷ್, ಸಣ್ಣ ಕಂಪ್ರೆಸರ್ ಸೇರಿ ನನಗ 5,200 ಬಿತ್ತು. ಪೈಪಿನ ಕನೆಕ್ಟರ್ 180, ಅದು ಸೋರ್ತಿತ್ತು, ಮತ್ತ 180. ಅಕ್ರಿಲಿಕ್ ಬಾಟಲಿಗೆ 220ರಂಗ ಮೂರು, ಅದರಾಗ ಒಂದು ಕೊರಿಯರ್‌ನವ ಒಡದೇ ತಂದ. ನಮ್ಮ ಬ್ಯಾಸಗಿ ನಿಮಗ ಗೊತ್ತದಲ್ಲ, ಬಣ್ಣ ಹಳಿ ಮುಟ್ಟೋದ್ರಾಗ ಒಣಗಿ ಪುಡಿ ಆಗ್ತದ, ನಾಝಲ್ ತುದಿಗೆ ಗಟ್ಟಿ ಕಟ್ತದ. ಬಣ್ಣ ಲಗೂ ಒಣಗದಂಗ ಮಾಡೋ ರಿಟಾರ್ಡರ್ ಹನಿ ಹಾಕಿ ನಸುಕಿನ್ಯಾಗ ಎದ್ದು ಹೊಡೀಬೇಕು. ಆದ್ರ ಫಿನಿಶಿಂಗ್ ನೋಡ್ರಿ! ಶಕ್ತಿನಗರದ ಥರ್ಮಲ್ ಸ್ಟೇಷನ್ನಿನ ಕಲ್ಲಿದ್ದಲು ಇಳಿಸೋ ಹಳಿ ತಂದು ಇಟ್ಟಂಗ ಅದ. ಬ್ರಷ್‌ನ್ಯಾಗ ಇದು ಬರಂಗಿಲ್ಲ.

ಕೊಪ್ಪಳ: ಬರಂಗಿಲ್ಲ ಅಂತ ಯಾರು ಹೇಳಿದ್ರು? ಮ್ಯಾಟ್ ಎನಾಮೆಲ್ ಎರಡು ಡಬ್ಬಿ 360, ಟರ್ಪಂಟೈನ್ 90, ಚಪ್ಪಟಿ ಬ್ರಷ್ 60. ಮುಗೀತು. ಹಳಿಯ ಎರಡೂ ಮಗ್ಗಲಿಗೆ ತುಕ್ಕಿನ ಬಣ್ಣ, ಒಂದೊಂದು ಕ್ಲಿಪ್ಪೂ ಬಿಡದಂಗ. ಹಸಿ ಇದ್ದಾಗ್ಲೇ ಕಟಿಗಿ ತುಂಡಿಗೆ ಬಟ್ಟಿ ಸುತ್ತಿ ಹಳಿ ನೆತ್ತಿ ಒರಸಬೇಕು. ಉಪ್ಪುಕಾಗದ ಮುಟ್ಟಿಸಿದ್ರ ಗೀರು ಬಿದ್ದು ಅದರಾಗ ಹೊಲಸು ಕುಂದರತೈತಿ. ಕುತ್ತಿಗಿ ಹಿಡಕೊಂತೈತಿ, ಖರೆ. ವಾಸನಿಗೆ ನಮ್ಮನಿಯಾಕಿ ಮಾಳಿಗಿ ಮ್ಯಾಲ ಅಟ್ಟಿದ್ಳು. ಸ್ಪ್ರೇ ಹೊಡದವರ ಪಾಯಿಂಟೂ ನೋಡೀನಿ: ಅದರಾಗ ಸರಿಯೋ ಹಳಿ ತುಂಡು, ಬ್ಲೇಡ್, ಅಂಟಿಕೊಂಡು ಅಲುಗಾಡಂಗಿಲ್ಲ, ಕರೆಂಟೂ ಹೋಗಂಗಿಲ್ಲ.

ರಾಯಚೂರು: ಬ್ಲೇಡಿಗೆ ಮಾಸ್ಕಿಂಗ್ ಟೇಪ್ ಹಚ್ಚೋದು ಗೊತ್ತಿಲ್ಲದವ್ರಿಗೆ ಹೇಳ್ರಿ ಅದನ್ನ. ನಿಮ್ಮ ಫೋಟೋದಾಗ ಮೇನ್ ಲೈನಿನ ಸ್ಲೀಪರ್ ಕಂದು ಯಾಕದ? ಕಾಂಕ್ರೀಟ್ ಸ್ಲೀಪರ್ ಕಂದು ಇರ್ತದೇನ್ರೀ?

ಕೊಪ್ಪಳ: ನಂದು ಕಟಿಗಿ ಸ್ಲೀಪರ್ ಇದ್ದ ಮೀಟರ್ ಗೇಜ್ ಕಾಲದ ಮಾದರಿ. ಅದನ್ನ ಮೊದಲ ಓದ್ರಿ, ಆಮ್ಯಾಲ ಮಾತಾಡ್ರಿ.

ತೋರಣಗಲ್ಲು: ಬಣ್ಣಕ್ಕೆ ದುಡ್ಡು ಯಾಕೆ ಹಾಕ್ತೀರಿ? ಲೈನ್ ಪಕ್ಕದ ಕೆಂಪು ಧೂಳು ಜರಡಿ ಹಿಡಿದು, ಫೆವಿಕಾಲ್ ನೀರಿನ ಮೇಲೆ ಉದುರಿಸಿ. ಅಸಲಿ ಬಳ್ಳಾರಿ ಹಳಿ.

ಹೊಸಪೇಟೆ: ಈ ಮಾತು ಕೇಳಿಯೇ ನನ್ನ ಎಂಜಿನ್ ಮೋಟಾರ್ ಹೋಗಿದ್ದು! ಅದಿರಿನ ಧೂಳಲ್ಲಿ ಅಯಸ್ಕಾಂತಕ್ಕೆ ಹತ್ತೋ ಕಣ ಇರ್ತವೆ, ಸೀದಾ ಮೋಟಾರಿಗೇ ಹೋಗ್ತವೆ. ಮೋಟಾರ್ 1,450, ಸಾಗಣೆ 600, ಅದರ ಮೇಲೆ ಕಸ್ಟಮ್ಸ್. ಕವರೊಳಗೆ ಅಯಸ್ಕಾಂತ ಇಟ್ಟು ಧೂಳಿನ ಮೇಲೆ ಆಡಿಸಿ ನೋಡಿ, ಮೀಸೆ ಥರ ನೆಟ್ಟಗೆ ನಿಂತ್ರೆ ಆ ಧೂಳು ಬೇಡ. ಇನ್ನೊಂದು, ಜಲ್ಲಿಗೆ ಬೋರ್ ನೀರಲ್ಲಿ ಫೆವಿಕಾಲ್ ಕಲಸಬೇಡಿ, ಒಣಗಿದ ಮೇಲೆ ಬಿಳಿ ಉಪ್ಪು ಎದ್ದು ನನ್ನ ಯಾರ್ಡೆಲ್ಲ ಸುಣ್ಣ ಬಳಿದಂಗಾಯ್ತು. ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿದ್ರೆ ಅಂಟು ಕೆಳಗೆ ಇಳೀತದೆ.

ತೋರಣಗಲ್ಲು: ಜರಡಿ ಹಿಡೀರಿ ಅಂದೆ, ಮೋಟಾರೊಳಗೆ ಸುರೀರಿ ಅಂದೆನಾ? 2021ರಿಂದ ನೀವು ವಿಜಯನಗರ ಜಿಲ್ಲೆ, ಬಳ್ಳಾರಿ ಧೂಳಿನ ಉಸಾಬರಿ ನಿಮಗ್ಯಾಕೆ?

ಹೊಸಪೇಟೆ: ಧೂಳು ಸಂಡೂರಿಂದು. ಮೋಟಾರ್ ದುಡ್ಡು ಯಾವ ಜಿಲ್ಲೆಯವ್ರು ಕೊಡ್ತಾರೆ?

ಸಿಂಧನೂರು: ನಿಮ್ಮ ಬಣ್ಣ ಸುಡ್ಲಿ. ಅಂಗಡ್ಯಾಗ ಸಿಗೋ ಎಚ್‌ಓ ಹಳಿಗೆ ಗೇಜ್, ಅಂದ್ರ ಎರಡು ಹಳಿ ನಡುವಿನ ಅಂತರ, 16.5 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676ನ್ನ 87ರಿಂದ ಭಾಗಿಸ್ರಿ, 19.3 ಆಗ್ತದ. ಗೇಜೇ ತಪ್ಪಿದ ಮ್ಯಾಲ ತುಕ್ಕಿನ ಬಣ್ಣ ಯಾವುದಾದ್ರೇನು?

ಕೊಪ್ಪಳ: 19.3ರ ಹಳಿ ನೀವು ಮಾಡಿ ಕೊಡ್ರಿ, ಎಲ್ಲಾರೂ ತಗೊಂತೀವಿ.

ಬಳ್ಳಾರಿ, ಕೌಲ್ ಬಜಾರ್: ಜಲ್ಲಿಗಿಂತ ಮುಂಚೆ ಬಣ್ಣ ಅಂತ ಇಟ್ಕೊಂತೀನಿ. ರಾಯಚೂರಣ್ಣ, ಆ ಕಂಪ್ರೆಸರ್ ಎರಡು ಸಾವಿರಕ್ಕೆ ಕೊಡ್ತೀರಾ?

ರಾಯಚೂರು: ಎರಡು ಸಾವಿರಕ್ಕ ಕನೆಕ್ಟರ್ ಎರಡೂ ಕೊಡ್ತೀನಿ, ಸೋರೋದೂ ಸೇರಿ.