ಕೂದಲು ತೆಗೆಯೋ ಲೇಸರ್ ಆದ ಮೇಲೆ ಕಣ್ಣು ಬಿಡೋಕಾಗ್ತಿಲ್ಲ, ಯಾರಾದ್ರೂ ಹೇಳಿ

ತುಮಕೂರು_ಪಾರ್ಲರ್: ಮೂರು ದಿನದಿಂದ ಸಾಕಾಗಿದೆ. ಎಡಗಣ್ಣು ಕೆಂಪು, ಒಳಗೆಲ್ಲೋ ನೋವು. ನಿನ್ನೆ ಬಿ.ಎಚ್. ರಸ್ತೆ ದಾಟುವಾಗ ಬಿಸಿಲಿಗೆ ಕಣ್ಣು ಮುಚ್ಚಿ ನಿಂತುಬಿಟ್ಟೆ. ಮೆಡಿಕಲ್ ಸ್ಟೋರ್ ಡ್ರಾಪ್ಸ್ ಹಾಕಿದೆ, ಪ್ರಯೋಜನವಿಲ್ಲ. ಮೆಷಿನ್ ಸರಿಯಾಗೇ ಇದೆ.

ಗುಬ್ಬಿ_ಗೆಳೆಯ: ಮದ್ರಾಸ್ ಐ. ನಮ್ಮ ಬೀದಿಯಲ್ಲಿ ಅರ್ಧ ಜನಕ್ಕಿದೆ.

ಶಿರಾ_ಟೆಕ್: ಯಾವ ಮೆಷಿನ್ ಮೇಡಂ? ಹೊಡೆದಿದ್ದು ಯಾರಿಗೆ, ಎಲ್ಲಿ?

ತುಮಕೂರು_ಪಾರ್ಲರ್: ಹೇಳಲಿಲ್ವಾ? ನನಗೇ. 810 ನ್ಯಾನೋಮೀಟರ್ ತರಂಗಾಂತರದ ಡಯೋಡ್ ಲೇಸರ್, ಹುಬ್ಬಿನ ಕೆಳಗೆ. ತಂಗಿ ಹೊಡೆದಳು. ಗಾಗಲ್ ಅಡ್ಡ ಬರ್ತಿತ್ತು, ಸ್ವಲ್ಪ ಕೆಳಗೆ ಸರಿಸಿದ್ದೆ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದೆ ಬಿಡಿ.

ಗುಬ್ಬಿ_ಗೆಳೆಯ: ಬೆಳಗ್ಗೆ ಗೀಜು ಕಟ್ಟುತ್ತಾ?

ತುಮಕೂರು_ಪಾರ್ಲರ್: ಇಲ್ಲ.

ಗುಬ್ಬಿ_ಗೆಳೆಯ: ಶುರುವಲ್ಲಿ ಕಟ್ಟಲ್ಲ. ಮದ್ರಾಸ್ ಐನೇ.

ಶಿರಾ_ಟೆಕ್: ಅಣ್ಣಾ, ಸುಮ್ನಿರಿ. ಮೇಡಂ, ರೆಪ್ಪೆ ತೆಳು, 810 ಅದನ್ನು ದಾಟಿ ಹೋಗುತ್ತೆ. ಕಣ್ಣು ಮುಚ್ಚಿದಾಗ ಗುಡ್ಡೆ ಮೇಲಕ್ಕೆ ಹೊರಳುತ್ತೆ, ಐರಿಸ್, ಅಂದ್ರೆ ಪಾಪೆ ಸುತ್ತಲಿನ ಬಣ್ಣದ ಪೊರೆ, ಹುಬ್ಬಿನ ಹತ್ತಿರಕ್ಕೇ ಬರುತ್ತೆ. ಕೂದಲಿನ ಬೇರಿನಲ್ಲಿರೋ ಕಪ್ಪು ಬಣ್ಣದ ಮೆಲನಿನ್ನೇ ಐರಿಸ್‌ನಲ್ಲೂ ಇದೆ, ಲೇಸರ್‌ಗೆ ಎರಡೂ ಒಂದೇ. ಕನ್ನಡಿಯಲ್ಲಿ ಪಾಪೆ ನೋಡಿಕೊಳ್ಳಿ.

ತುಮಕೂರು_ಪಾರ್ಲರ್: ಎಡಗಡೆದು ಚಿಕ್ಕದು. ದುಂಡಗೂ ಇಲ್ಲ, ಮೇಲ್ಗಡೆ ಎಳೆದ ಹಾಗಿದೆ.

ಶಿರಾ_ಟೆಕ್: ಇವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಲೇಸರ್ ಅಂತ ಬಾಯಿಬಿಟ್ಟು ಹೇಳಿ, 810 ಅಂತಾನೂ.

ಕೆಜಿಎಫ್_ಲೇಸರ್: ನನ್ನ ಮೆಷಿನ್‌ನಲ್ಲಿ 755, 810, 1064 ಮೂರೂ ಇದೆ. ಹಸಿರು ಗಾಗಲ್ ಒಂದೇ ಸಾಕು, ಇವತ್ತಿನವರೆಗೂ ತೊಂದರೆ ಇಲ್ಲ.

ಶಿರಾ_ಟೆಕ್: ಬಣ್ಣ ನೋಡಿ ಗಾಗಲ್ ತಗೊಳ್ಳೋದು ಯಾರು ಹೇಳಿಕೊಟ್ಟರು? ಅದರ ಮೇಲೆ ತರಂಗಾಂತರ, ಓಡಿ (ಬೆಳಕನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ) ಎರಡೂ ಬರೆದಿರುತ್ತೆ, ಓದಿ.

ಕೆಜಿಎಫ್_ಲೇಸರ್: ಎಂಟು ವರ್ಷದಿಂದ ಇದೇ ಕೆಲಸ ಸ್ವಾಮಿ. ಕೂಲಿಂಗ್ ಟಿಪ್ಪೂ ಇದೆ. ಫೋಟೊ ಹಾಕ್ಲಾ?

ತುಮಕೂರು_ಪಾರ್ಲರ್: ಮಗಳು ಟೈಪ್ ಮಾಡ್ತಿದ್ದಾಳೆ, ನನಗೆ ಹತ್ತಿರದ ಅಕ್ಷರ ಕಾಣ್ತಿಲ್ಲ. ಡಾಕ್ಟರ್ ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸೋ ಯಂತ್ರ) ನೋಡಿದರು. ಐರಿಟಿಸ್ ಅಂತೆ, ಅಂದ್ರೆ ಐರಿಸ್‌ನ ಉರಿಯೂತ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಡ್ರಾಪ್ಸ್ ಗಂಟೆಗೊಮ್ಮೆ. ಪಾಪೆ ಹಿಗ್ಗಿಸೋ ಹೋಮಟ್ರೋಪಿನ್ ಬೇರೆ, ಐರಿಸ್ ಹಿಂದಿನ ಲೆನ್ಸ್‌ಗೆ ಅಂಟದಿರಲಿ ಅಂತ. ಅಕ್ಷರ ಮಸುಕಾಗಿರೋದು ಅದಕ್ಕೇ. ರೆಟಿನಾ ಚೆನ್ನಾಗಿದೆ. ಸ್ಟೀರಾಯ್ಡ್‌ಗೆ ಕಣ್ಣಿನ ಪ್ರೆಷರ್ ಏರಬಹುದಂತೆ, ಮುಂದಿನ ವಾರ ಚೆಕ್. ವಾಸಿ ಆಯ್ತು ಅಂತ ಡ್ರಾಪ್ಸ್ ನಾನಾಗೇ ನಿಲ್ಲಿಸಬಾರದು. ಪಾಪೆ ಹೀಗೇ ಉಳಿದರೂ ಉಳಿಯಬಹುದು ಅಂದರು. ತಂಗಿ ಊಟ ಬಿಟ್ಟು ಕೂತಿದ್ದಾಳೆ.

ಶಿರಾ_ಟೆಕ್: ತಂಗಿಗೆ ಬೈಬೇಡಿ. ಹುಬ್ಬಿನ ಮೂಳೆಯ ಒಳಗಡೆ ಪಾರ್ಲರ್‌ನಲ್ಲಿ ಹೊಡೆಯೋ ಜಾಗವೇ ಅಲ್ಲ. ಡಾಕ್ಟರುಗಳೂ ರೆಪ್ಪೆಯೊಳಗೆ ಲೋಹದ ಶೀಲ್ಡ್ ಇಟ್ಟುಕೊಂಡೇ ಹೊಡೆಯೋದು.

ಗುಬ್ಬಿ_ಗೆಳೆಯ: ನಮ್ಮ ಬೀದಿಯವರಿಗೆಲ್ಲ ವಾಸಿಯಾಯ್ತು.

ಕೆಜಿಎಫ್_ಲೇಸರ್: ಮೇಡಂ, ಆ 810 ಮಾರೋ ಯೋಚನೆ ಇದೆಯಾ?