ಸಹಾಯ ಬೇಕು: ಮೂಗಿನ ಟ್ಯೂಬ್ ಇರುವ ಐಸಿಯು ರೋಗಿಗೆ ಅಲ್ಸರ್ ತಡೆಯುವ ಔಷಧ

ವೆಂಟಿಲೇಟರ್ ಮೇಲೆ 48 ಗಂಟೆ ದಾಟಿದವರಿಗೆ, ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಅಥವಾ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) 1.5ಕ್ಕಿಂತ ಮೇಲಿರುವವರಿಗೆ ದಿನಕ್ಕೊಮ್ಮೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಐವಿ (ರಕ್ತನಾಳದ ಮೂಲಕ) ಹಾಕುತ್ತಿದ್ದೇವೆ. ಅಲ್ಲಿಗೆ ಸರಿ. ತೊಡಕು ಶುರುವಾಗುವುದು ಐವಿ ಬಿಟ್ಟು ರೈಲ್ಸ್ ಟ್ಯೂಬ್‌ಗೆ (ಮೂಗಿನಿಂದ ಹೊಟ್ಟೆಗೆ ಹೋಗುವ ಟ್ಯೂಬ್) ಬದಲಾಯಿಸುವಾಗ. ಮಾತ್ರೆ ಪುಡಿ ಮಾಡಿದರೆ ಕೋಟಿಂಗ್ ಹೋಗಿ ಔಷಧ ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ, ಮೇಲಾಗಿ ಚೂರು ಸಿಕ್ಕಿಕೊಂಡು ಟ್ಯೂಬ್ ಕಟ್ಟುತ್ತದೆ. ಅದೇ ಗುಂಪಿನ ಇಸೊಮೆಪ್ರಜೋಲ್‌ನ ಸ್ಯಾಶೆ (ಸಣ್ಣ ಪೊಟ್ಟಣ) ಇದ್ದರೆ 15 ಎಂಎಲ್ ನೀರಲ್ಲಿ ಕಲಕಿ, 2-3 ನಿಮಿಷ ಬಿಟ್ಟು, ಅರ್ಧ ಗಂಟೆಯೊಳಗೆ ಹಾಕಿ, ಮತ್ತೆ 15 ಎಂಎಲ್ ನೀರು ಬಿಡಬಹುದು. ಆದರೆ ಸ್ಯಾಶೆ ಸ್ಟಾಕ್ ಇಲ್ಲ.

ಇದರ ಬದಲು ಫ್ಯಾಮೊಟಿಡಿನ್‌ಗೆ (ಆಮ್ಲ ತಗ್ಗಿಸುವ ಬೇರೆ ಗುಂಪಿನ ಔಷಧ) ಬದಲಾಯಿಸಿದವರು ಕಿಡ್ನಿ ತೊಂದರೆ ಇರುವವರಿಗೆ ಡೋಸ್ ಎಷ್ಟು ಇಳಿಸುತ್ತೀರಿ? ಇನ್ನೊಂದು, ಟ್ಯೂಬ್ ತೆಗೆದು ವಾರ್ಡಿಗೆ ಕಳಿಸುವಾಗ ಔಷಧ ನಿಲ್ಲಿಸುವ ಸಾಲು ಟ್ರಾನ್ಸ್‌ಫರ್ ಶೀಟ್‌ನಲ್ಲಿ ಯಾರು ಬರೆಯುತ್ತಾರೆ? ಬರೆಯದಿದ್ದರೆ ಅದು ಡಿಸ್ಚಾರ್ಜ್ ಚೀಟಿಯವರೆಗೂ ಹೋಗುತ್ತದೆ. ನಿಮ್ಮಲ್ಲಿ ಬಳಸುವ ಶೀಟ್ ಇದ್ದರೆ ರೋಗಿಯ ವಿವರ ಅಳಿಸಿ ಫೋಟೋ ಹಾಕಿ.