ಸಹಾಯ ಬೇಕು: ಕಲ್ಲು ಧೂಳು ಬಿಟ್ಟದ್ದು ಹೇಗೆ?

ನಮಸ್ಕಾರ. ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಕೊಡುತ್ತೇನೆ. ಡಿಸೆಂಬರ್ 14ರ ರಾತ್ರಿ ಜೆಮಿನಿಡ್ ಉಲ್ಕೆ ನೋಡಲು ಅಂಗಳದಲ್ಲಿ ಚಾಪೆ ಹಾಸಿ ಮಲಗುವುದು ಅಂತ ಮಾತಾಗಿದೆ. ಒಣಹಾಕಿದ ಅಡಿಕೆಯನ್ನು ಒಂದು ಬದಿಗೆ ಗುಡಿಸಬೇಕು, ಅದು ಬೇರೆ ಕೆಲಸ.

ತಲೆಬಿಸಿ ಏನೆಂದರೆ, ಉಲ್ಕೆ ಅಂದರೆ ಧೂಮಕೇತು ಬಿಟ್ಟುಹೋದ ಧೂಳು ಅಂತ ಸಲೀಸಾಗಿ ಹೇಳಿಬಿಟ್ಟಿದ್ದೆ. ಏಳನೇ ಕ್ಲಾಸಿನ ಹುಡುಗಿ ಹಿಡಿದಳು: "ಟೀಚರ್, ಜೆಮಿನಿಡ್ ಬರುವುದು ಫೇಥಾನ್‌ನಿಂದ ಅಲ್ವಾ? ಅದು ಕ್ಷುದ್ರಗ್ರಹ!" ಅವಳು ಹೇಳಿದ್ದು ಸರಿ. 1983ರಲ್ಲಿ ಪತ್ತೆಯಾದ, ಐದಾರು ಕಿಲೋಮೀಟರ್ ಅಗಲದ ಕಲ್ಲು. ಬುಧನಿಗಿಂತಲೂ ಸೂರ್ಯನ ಹತ್ತಿರ ಹೋಗಿ ಬರುತ್ತದೆ. ಧೂಮಕೇತುವಿನಲ್ಲಾದರೆ ಮಂಜುಗಡ್ಡೆ ಇದೆ, ಬಿಸಿಗೆ ಆವಿಯಾಗುವಾಗ ಧೂಳೂ ಹಾರುತ್ತದೆ. ಬರೀ ಕಲ್ಲು ಇಷ್ಟು ಧೂಳು ಬಿಟ್ಟದ್ದು ಹೇಗೆ? ಬಿಸಿಲಿಗೆ ಬಿರುಕು ಬಿಟ್ಟಿತಾ, ಅಥವಾ ಹಿಂದೊಮ್ಮೆ ಒಡೆದಿತ್ತಾ? ಮಕ್ಕಳಿಗೆ ಅರ್ಥವಾಗುವ ಹಾಗೆ ಯಾರಾದರೂ ಬರೆಯುತ್ತೀರಾ?

ಇನ್ನೊಂದು. ಕುಂಬಳೆ, ಪೆರ್ಲ ಕಡೆಯವರ ಹತ್ತಿರ ಬೈನಾಕ್ಯುಲರ್ ಇದ್ದರೆ ಆ ಒಂದು ರಾತ್ರಿಗೆ ಕೊಡಿ. 25 ಲಕ್ಷ ಬೆಳಕಿನ ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿ ತೋರಿಸುತ್ತೇನೆ ಅಂತ ಸುಮ್ನೆ ಬಾಯಿಬಿಟ್ಟಿದ್ದೇನೆ. ಮರುದಿನ ಬೆಳಿಗ್ಗೆಯೇ ತಂದು ಕೊಡುತ್ತೇನೆ.